ಮೂಗಿನ ಪಕ್ಕ ಮೆತ್ತಗಿನ ಊತ: ಹಲ್ಲಿಂದಾನಾ, ಮೂಗಿಂದಾನಾ, ನೀರುಗಡ್ಡೆನಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಲ್ಲಿನ ಡಾಕ್ಟರ್. ಮೂಗಿನ ಹೊಳ್ಳೆ ಪಕ್ಕ ಊದ್ಕೊಂಡಿದೆ ಅಂತ ಬರೋರೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ ಕೇಳ್ತಾರೆ, ಬಾಯಲ್ಲಿ ಹೇಳೋವಾಗ ಪ್ರತಿ ಸಲ ಏನಾದ್ರೂ ಒಂದು ಬಿಟ್ಟುಹೋಗತ್ತೆ, ಅದಕ್ಕೆ ಎಲ್ಲಾ ಒಂದ್ಕಡೆ ಬರೆದಿಟ್ಟಿದೀನಿ. ಇದನ್ನ ಓದಿ ಮನೇಲೇ ರೋಗ ತೀರ್ಮಾನ ಮಾಡ್ಕೊಳ್ಳಿ ಅಂತ ಅಲ್ಲ. ಡಾಕ್ಟರ್ ಎದುರಿಗೆ ಕೂತಾಗ ಏನು ಹೇಳ್ಬೇಕು, ಏನು ಕೇಳ್ಬೇಕು ಅನ್ನೋದು ನಿಮಗೆ ಗೊತ್ತಿರಲಿ ಅಂತ.

ಮೂಗಿನ ಪಕ್ಕ ಊತ ಇದೆ, ನೋವಿಲ್ಲ, ತಿಂಗಳುಗಟ್ಟಲೆಯಿಂದ ಹಾಗೇ ಇದೆ. ಏನಿರಬಹುದು?

ಮೊದಲು "ಮೂಗಿನ ಪಕ್ಕ" ಅಂದ್ರೆ ಎಲ್ಲಿ ಅಂತ ಕನ್ನಡಿ ಮುಂದೆ ನಿಂತು ನೋಡ್ಕೊಳ್ಳಿ, ಯಾಕಂದ್ರೆ ಅರ್ಧ ಉತ್ತರ ಜಾಗದಲ್ಲೇ ಇದೆ. ಕಣ್ಣಿನ ಒಳಮೂಲೆ ಕೆಳಗೆ, ಮೂಗಿನ ಬುಡದ ಹತ್ರ ಇದ್ದು ಕಣ್ಣಲ್ಲಿ ಸದಾ ನೀರು ಸುರೀತಿದ್ರೆ ಅದು ಕಣ್ಣೀರಿನ ಚೀಲದ ತೊಂದರೆ ಇರಬಹುದು, ಒತ್ತಿದಾಗ ಕಣ್ಣಿನ ಮೂಲೆಯಿಂದ ಕೀವು ಬಂದ್ರೆ ಕಣ್ಣಿನ ಡಾಕ್ಟರ್ ಹತ್ರಾನೇ ಹೋಗ್ಬೇಕು. ಚರ್ಮದಲ್ಲೇ ಇದ್ದು, ಚರ್ಮದ ಜೊತೆಗೇ ಅಲ್ಲಾಡಿ, ನಡುವೆ ಒಂದು ಕಪ್ಪು ಚುಕ್ಕಿ ಕಂಡು, ಆಗಾಗ ವಾಸನೆ ಬರೋ ಬಿಳಿ ಹಿಟ್ಟಿನಂಥದ್ದು ಹೊರಬಂದ್ರೆ ಅದು ಚರ್ಮದ ಎಪಿಡರ್ಮಾಯ್ಡ್ ಸಿಸ್ಟ್ (ಸಿಸ್ಟ್ ಅಂದ್ರೆ ಒಳಗೆ ನೀರೋ ಹಿಟ್ಟಿನಂಥದ್ದೋ ತುಂಬಿಕೊಂಡ ಚೀಲ). ಹೊಳ್ಳೆಯ ಬುಡದಲ್ಲಿ, ಮೂಗಿಂದ ಬಾಯಿ ಮೂಲೆಗೆ ಇಳಿಯೋ ಗೆರೆ ಶುರುವಾಗೋ ಜಾಗ ತುಂಬಿಕೊಂಡಿದ್ರೆ, ಮೇಲ್ತುಟಿ ಎತ್ತಿ ನೋಡಿದಾಗ ಒಸಡಿನ ಮೇಲಿನ ಸಂದೂ ಉಬ್ಬಿದ್ರೆ, ಆಗ ಮುಖ್ಯವಾಗಿ ಎರಡು ಸಂಶಯ: ಒಂದು ಹಲ್ಲಿನ ಬೇರಿಂದ ಬಂದ ಕೀವು ಅಥವಾ ಸಿಸ್ಟ್, ಇನ್ನೊಂದು ಹಲ್ಲಿಗೆ ಸಂಬಂಧಾನೇ ಇಲ್ಲದ ನೇಸೋಲೇಬಿಯಲ್ ಸಿಸ್ಟ್. ಈ ಪುಟದಲ್ಲಿ ಜಾಸ್ತಿ ಮಾತಾಡೋದು ಈ ಎರಡರ ಬಗ್ಗೆ, ಯಾಕಂದ್ರೆ ಜನ ಮೋಸ ಹೋಗೋದೂ ಡಾಕ್ಟರ್‌ಗಳು ತಪ್ಪು ಮಾಡೋದೂ ಇಲ್ಲೇ.

ನೇಸೋಲೇಬಿಯಲ್ ಸಿಸ್ಟ್ ಅಂದ್ರೆ ಏನು?

ಹೊಳ್ಳೆಯ ಬುಡದ ಕೆಳಗೆ, ದವಡೆ ಮೂಳೆಯ ಹೊರಗೆ, ಮೆತ್ತನೆ ಮಾಂಸದಲ್ಲಿ ಬೆಳೆಯೋ ಒಂದು ನೀರಿನ ಚೀಲ. ಮೂಳೆ ಒಳಗೆ ಅಲ್ಲ, ಇದು ನೆನಪಿರಲಿ, ಮುಂದೆ ಎಕ್ಸ್‌ರೇ ವಿಷಯದಲ್ಲಿ ಬೇಕಾಗತ್ತೆ. 1882ರಲ್ಲಿ ವಿಯೆನ್ನಾದ ಅಂಗರಚನಾ ತಜ್ಞ ಎಮಿಲ್ ಜುಕರ್‌ಕಾಂಡ್ಲ್ ಇದನ್ನ ಮೊದಲು ವಿವರಿಸಿದ್ರು. ಆಮೇಲೆ ಕ್ಲೆಸ್ಟಾಟ್ ಅನ್ನೋರು ಇದರ ಮೇಲೆ ಕೆಲಸ ಮಾಡಿದ್ದಕ್ಕೆ ಕೆಲವು ರಿಪೋರ್ಟ್‌ಗಳಲ್ಲಿ "ಕ್ಲೆಸ್ಟಾಟ್ ಸಿಸ್ಟ್" ಅಂತಲೂ, ಇನ್ನು ಕೆಲವು ಕಡೆ "ನೇಸೋಆಲ್ವಿಯೋಲಾರ್ ಸಿಸ್ಟ್" ಅಂತಲೂ ಇರತ್ತೆ. ಮೂರೂ ಒಂದೇ, ಬೇರೆ ಬೇರೆ ಕಾಯಿಲೆ ಅಂತ ಗಾಬರಿ ಬೇಡ.

ಯಾಕೆ ಬರತ್ತೆ ಅಂದ್ರೆ, ಹುಟ್ಟೋಕೆ ಮುಂಚೆ ಮುಖ ರೂಪ ಪಡೆಯೋವಾಗ ಸೇರ್ಕೊಳ್ಳೋ ಭಾಗಗಳ ನಡುವೆ ಸಿಕ್ಕಿಕೊಂಡ ಜೀವಕೋಶಗಳಿಂದ ಅನ್ನೋದು ಹಳೇ ವಾದ. ಕಣ್ಣಿಂದ ಮೂಗಿಗೆ ನೀರು ಇಳಿಯೋ ನಾಳದ ಉಳಿಕೆಯಿಂದ ಅಂತ 1920ರಲ್ಲಿ ಬ್ರುಗ್ಗೆಮನ್ ಹೇಳಿದ್ರು, ಈಗ ಹೆಚ್ಚು ಜನ ಒಪ್ಪೋದು ಇದನ್ನ. ಅಂದ್ರೆ ಬೀಜ ಹುಟ್ಟಿನಿಂದಲೇ ಇರತ್ತೆ, ಆದ್ರೆ ಕಾಣಿಸ್ಕೊಳ್ಳೋದು ಸಾಮಾನ್ಯವಾಗಿ 30 ದಾಟಿದ ಮೇಲೆ, 40–50ರ ಆಸುಪಾಸಲ್ಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಹತ್ತರಲ್ಲಿ ಒಬ್ಬರಿಗೆ ಎರಡೂ ಕಡೆ ಇರಬಹುದು. ಅಪರೂಪದ್ದೇ, ದವಡೆ–ಮುಖದ ಸಿಸ್ಟ್‌ಗಳಲ್ಲೆಲ್ಲ ಸೇರಿಸಿದ್ರೂ 100ಕ್ಕೆ 1ಕ್ಕಿಂತ ಕಡಿಮೆ, ಅದಕ್ಕೇ ಹಲ್ಲಿನ ಡಾಕ್ಟರ್ ತಲೆಗೆ ಇದು ಮೊದಲು ಹೊಳೆಯಲ್ಲ.

ಮೂಗು ಚುಚ್ಚಿಸಿದ್ದಕ್ಕೆ ಹೀಗಾಯ್ತಾ?

ತುಂಬಾ ಜನ ಹೆಂಗಸರು ಕೇಳೋ ಪ್ರಶ್ನೆ ಇದು, ಯಾಕಂದ್ರೆ ಮೊದಲು ಗೊತ್ತಾಗೋದೇ ಮೂಗುಬೊಟ್ಟಿನಿಂದ. ಹೊಳ್ಳೆ ಮೇಲಕ್ಕೆ ಎತ್ತಿಕೊಂಡಂಗಾಗಿ ಬೊಟ್ಟು ಓರೆಯಾಗಿ ಕಾಣತ್ತೆ, ಒಳಗಿನ ತಿರುಪು ಹಾಕೋವಾಗ ಬೆರಳಿಗೆ ಜಾಗ ಸಾಲಲ್ಲ. ಮೂಗು ಚುಚ್ಚಿಸಿದ್ದಕ್ಕೂ ನೇಸೋಲೇಬಿಯಲ್ ಸಿಸ್ಟ್‌ಗೂ ಸಂಬಂಧ ಇಲ್ಲ. ಚುಚ್ಚಿದ ತೂತಿನ ಸುತ್ತ ಕೆಂಪಗಾಗಿ ಸಣ್ಣ ಮಾಂಸದ ಗುಳ್ಳೆ ಏಳೋದು, ಕೀವಾಗೋದು, ಗಾಯದ ಕಲೆ ದಪ್ಪವಾಗಿ ಬೆಳೆಯೋದು ಇವೆಲ್ಲ ಬೇರೆ, ಅವು ತೂತಿನ ಹತ್ರಾನೇ ಇರತ್ವೆ. ಸಿಸ್ಟ್ ಇರೋದು ಅದಕ್ಕಿಂತ ಕೆಳಗೆ, ಆಳದಲ್ಲಿ.

ಮೇಲಿನ ಹಲ್ಲುಸೆಟ್ ಹಾಕ್ಕೊಳ್ಳೋ ವಯಸ್ಸಾದವರಿಗೂ ಹೀಗೇ ಗೊತ್ತಾಗತ್ತೆ, ವರ್ಷಗಟ್ಟಲೆ ಸರಿಯಾಗಿ ಕೂರ್ತಿದ್ದ ಸೆಟ್ಟು ಒಂದು ಕಡೆ ಒತ್ತೋಕೆ ಶುರು ಮಾಡತ್ತೆ. ಸೆಟ್ಟು ಉಜ್ಜಿಸ್ಕೊಂಡು ಬರೋಕೆ ಮುಂಚೆ ಒಂದ್ಸಲ ತುಟಿ ಎತ್ತಿ ತೋರಿಸಿ.

ಡಾಕ್ಟರ್ ಒಂದು ಬೆರಳು ಮೂಗೊಳಗೆ, ಇನ್ನೊಂದು ತುಟಿ ಕೆಳಗೆ ಇಟ್ಟು ಒತ್ತಿದ್ರು. ಯಾಕೆ?

ಒಳ್ಳೇ ಡಾಕ್ಟರ್ ಸಿಕ್ಕಿದಾರೆ ಅಂತ ಅರ್ಥ. ಈ ಸಿಸ್ಟ್ ಹೊಳ್ಳೆಯ ತಳಕ್ಕೂ ತುಟಿ–ಒಸಡಿನ ಸಂದಿಗೂ ನಡುವೆ ಕೂತಿರತ್ತೆ, ಎರಡೂ ಕಡೆಯಿಂದ ಬೆರಳಿಟ್ಟು ಒಂದು ಕಡೆ ಒತ್ತಿದಾಗ ಇನ್ನೊಂದು ಬೆರಳಿಗೆ ನೀರು ತುಂಬಿದ ಬಲೂನಿನ ಥರ ಅಲೆ ಬಡೀತದೆ. ಮೂಳೆಯಿಂದ ಎದ್ದಿರೋ ಗಡ್ಡೆಯಾದ್ರೆ ಹಾಗೆ ಆಡಲ್ಲ. ಎರಡು ನಿಮಿಷದ ಪರೀಕ್ಷೆ, ದುಡ್ಡಿಲ್ಲ, ಯಂತ್ರ ಬೇಡ, ಆದ್ರೂ ಎಷ್ಟೋ ಕಡೆ ಬಾಯೊಳಗೆ ಟಾರ್ಚ್ ಹಾಕಿ ನೋಡಿ ಮಾತ್ರೆ ಬರೆದು ಕಳಿಸ್ತಾರೆ. ಮುಟ್ಟಿ ನೋಡದೇ ಇದ್ರೆ ನೀವೇ ಕೇಳಿ, ಮರ್ಯಾದೆಯಾಗೇ ಕೇಳಿ, "ಡಾಕ್ಟ್ರೇ, ಮೂಗಿನ ಒಳಗಡೆಯಿಂದಲೂ ಒಂದ್ಸಲ ಒತ್ತಿ ನೋಡ್ತೀರಾ" ಅಂತ.

ಮುಟ್ಟಿದಾಗ ನೀರಿನಂತೆ ಆಡದೆ ಗಟ್ಟಿಯಾಗಿ, ಮೇಲ್ತುಟಿ ಒಳಗೆ ಹುಣಸೆಬೀಜದ ಥರ ಸಿಕ್ಕಿದ್ರೆ ಅದು ಬೇರೆ ದಾರಿ. ತುಟಿಯಲ್ಲಿರೋ ಸಣ್ಣ ಸಣ್ಣ ಜೊಲ್ಲಿನ ಗ್ರಂಥಿಗಳಿಂದಲೂ ಗಡ್ಡೆ ಬರತ್ತೆ, ಮೇಲ್ತುಟಿಯ ಗಟ್ಟಿ ಗಂಟನ್ನ ಸುಮ್ನೆ ಬಿಡಬಾರದು, ಪರೀಕ್ಷೆಗೆ ಕಳಿಸಲೇಬೇಕು.

ಹಲ್ಲಿಂದ ಬಂದಿದ್ದಾ ಅಲ್ವಾ ಅಂತ ಹೇಗೆ ಗೊತ್ತಾಗತ್ತೆ?

ಇದಕ್ಕೆ ನಾನು ಉದ್ದ ಉತ್ತರ ಕೊಡ್ತೀನಿ.

ಮೇಲಿನ ಕೋರೆಹಲ್ಲಿನ ಬೇರು ಉದ್ದ, ಅದರ ತುದಿ ಹೊಳ್ಳೆಯ ಪಕ್ಕದವರೆಗೂ ಹೋಗಿರತ್ತೆ. ಆ ಹಲ್ಲು ಒಳಗೇ ಸತ್ತು ಕೀವಾದ್ರೆ ಊತ ಬರೋದು ಕೆನ್ನೆಯಲ್ಲಲ್ಲ, ಮೂಗಿನ ಪಕ್ಕ, ಮೂಗು–ಬಾಯಿ ನಡುವಿನ ಗೆರೆ ಮುಚ್ಚಿಹೋಗೋ ಹಾಗೆ. ಮುಂದಿನ ಹಲ್ಲುಗಳ ಬೇರಿನ ಸಿಸ್ಟ್ ದೊಡ್ಡದಾದ್ರೆ ಮೂಗಿನ ತಳವನ್ನೂ ಮೇಲಕ್ಕೆ ತಳ್ಳತ್ತೆ. ನೋಡೋಕೆ ಎರಡೂ ಒಂದೇ ಥರ. ಹುಳುಕು ಇರಲೇಬೇಕು ಅಂತಿಲ್ಲ, ಚಿಕ್ಕಂದಿನಲ್ಲಿ ಬಿದ್ದು ಪೆಟ್ಟು ತಿಂದ ಹಲ್ಲು ಇಪ್ಪತ್ತು ವರ್ಷ ಆದ್ಮೇಲೂ ಸದ್ದಿಲ್ಲದೆ ಸತ್ತಿರಬಹುದು, ಬಣ್ಣ ಸ್ವಲ್ಪ ಮಂಕಾಗಿರತ್ತೆ ಅಷ್ಟೇ.

ಅದಕ್ಕೆ ಹಲ್ಲು ಜೀವಂತವಾಗಿದೆಯಾ ಅಂತ ಪರೀಕ್ಷೆ ಮಾಡ್ಬೇಕು. ಹತ್ತಿಗೆ ತಣ್ಣಗಿನ ಸ್ಪ್ರೇ ಹೊಡೆದು ಹಲ್ಲಿಗೆ ಇಡ್ತಾರೆ, ಜೀವಂತ ಹಲ್ಲಾದ್ರೆ ಜುಮ್ಮಂತ ಹತ್ತಿ ಒಂದೆರಡು ಸೆಕೆಂಡಲ್ಲಿ ಹೋಗತ್ತೆ, ಸತ್ತಿದ್ರೆ ಏನೂ ಆಗಲ್ಲ. ಪಲ್ಪ್ ಟೆಸ್ಟರ್ ಅಂತ ಸಣ್ಣ ಕರೆಂಟಿನ ಮಷೀನೂ ಇದೆ. ಒಂದೇ ಹಲ್ಲು ನೋಡಿದ್ರೆ ಸಾಲದು, ಊತದ ಕೆಳಗಿನ ಹಲ್ಲುಗಳನ್ನೆಲ್ಲಾ ನೋಡಿ ಇನ್ನೊಂದು ಬದಿಯ ಅದೇ ಹಲ್ಲಿನ ಜೊತೆ ಹೋಲಿಸ್ಬೇಕು. ಎಲ್ಲವೂ ಸರಿಯಾಗಿ ಉತ್ತರ ಕೊಟ್ರೆ ಊತ ಹಲ್ಲಿಂದ ಬಂದಿರೋ ಸಾಧ್ಯತೆ ತುಂಬಾ ಕಡಿಮೆ. ಆದ್ರೆ ಮೊದಲೇ ರೂಟ್ ಕೆನಾಲ್ ಆಗಿರೋ ಹಲ್ಲಿಗೆ ಈ ಟೆಸ್ಟ್ ನಡೆಯಲ್ಲ, ಕ್ಯಾಪ್ ಹಾಕಿರೋ ಹಲ್ಲಲ್ಲೂ ನಂಬೋ ಹಾಗಿಲ್ಲ, ಆಗ ಸ್ಕ್ಯಾನೇ ಗತಿ.

ಇಷ್ಟು ಒತ್ತಿ ಹೇಳೋಕೆ ಕಾರಣ ನನ್ನ ಚಿಕ್ಕಮ್ಮ. ನಾನಾಗ ಓದು ಮುಗಿಸಿ ವರ್ಷ ಆಗಿರಲಿಲ್ಲ, ತಿಪಟೂರಿಂದ ಫೋನ್ ಮಾಡಿ "ನೋಡೇ, ಮೂಗುಬೊಟ್ಟಿನ ಕಡೆ ಊದ್ಕೊಂಡಿದೆ, ನೋವೇನಿಲ್ಲ" ಅಂದ್ರು. ಫೋಟೋ ನೋಡಿ ಹಲ್ಲಿಂದ ಇರಬೇಕು ಅಂತ ಐದು ದಿನದ ಆಂಟಿಬಯೋಟಿಕ್ ಹೇಳಿದವಳು ನಾನೇ. ಕಡಿಮೆ ಆಗ್ಲಿಲ್ಲ, ಇನ್ನೊಂದು ಸಲ ಹೇಳಿದೆ. ಆಮೇಲೆ ಅವರು ಹತ್ರದ ಒಂದು ಕ್ಲಿನಿಕ್‌ಗೆ ಹೋದ್ರು, ಅಲ್ಲಿ ಎರಡು ಹಲ್ಲಿಗೆ ರೂಟ್ ಕೆನಾಲ್ ಆಯ್ತು, ಊತ ಇದ್ದಲ್ಲೇ ಇತ್ತು. ಎಂಟು ತಿಂಗಳಾದ ಮೇಲೆ ಇ.ಎನ್.ಟಿ. (ಕಿವಿ–ಮೂಗು–ಗಂಟಲು) ಡಾಕ್ಟರ್ ಒಬ್ಬರು ಮೂಗೊಳಗೆ ಬೆರಳಿಟ್ಟು, ಇದು ನೇಸೋಲೇಬಿಯಲ್ ಸಿಸ್ಟ್ ಅಂತ ಐದು ನಿಮಿಷದಲ್ಲಿ ಹೇಳಿದ್ರು. ಆ ಎರಡು ಹಲ್ಲೂ ಚೆನ್ನಾಗಿದ್ವು. ಡ್ರಿಲ್ ಮಾಡೋಕೆ ಮುಂಚೆ ಯಾರೂ ತಣ್ಣಗಿನ ಹತ್ತಿ ಇಟ್ಟು ನೋಡಿರಲಿಲ್ಲ, ನಾನೂ ಊರಿಗೆ ಹೋಗಿ ನೋಡಿರಲಿಲ್ಲ. ನೋವೇ ಇಲ್ಲದ ಊತಕ್ಕೆ ಯಾರಾದ್ರೂ ರೂಟ್ ಕೆನಾಲ್ ಅಂದ್ರೆ, ಹಲ್ಲು ಸತ್ತಿದೆ ಅಂತ ಟೆಸ್ಟ್ ಮಾಡಿ ನೋಡಿದ್ರಾ ಅಂತ ಕೇಳೋ ಹಕ್ಕು ನಿಮಗಿದೆ.

ಹಲ್ಲಿನ ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದ್ರು. ಹಾಗಾದ್ರೆ ಏನೂ ಇಲ್ಲ ಅಂತಾನಾ?

ಅಲ್ಲ. ಆಗಲೇ ಹೇಳಿದ್ನಲ್ಲ, ಚೀಲ ಇರೋದು ಮೂಳೆಯ ಹೊರಗೆ. ಎಕ್ಸ್‌ರೇ ಚೆನ್ನಾಗಿ ತೋರಿಸೋದು ಹಲ್ಲು ಮತ್ತೆ ಮೂಳೆಯನ್ನ. ಬೇರಿನ ತುದಿಯಲ್ಲಿ ಕಪ್ಪು ಗುಂಡಗಿನ ಜಾಗ ಕಂಡ್ರೆ ಹಲ್ಲಿನ ಸಿಸ್ಟ್ ಕಡೆ ವಾಲತ್ತೆ, ಎರಡು ಮುಂದಿನ ದೊಡ್ಡ ಹಲ್ಲುಗಳ ಮಧ್ಯೆ, ಸರಿಯಾಗಿ ನಡುಗೆರೆಯಲ್ಲಿ ಹೃದಯದಾಕಾರದ ಕಪ್ಪು ಕಂಡ್ರೆ ಅದು ನೇಸೋಪ್ಯಾಲಟೈನ್ ಸಿಸ್ಟ್ ಅನ್ನೋ ಇನ್ನೊಂದು. ಏನೂ ಕಾಣದೇ ಇದ್ದು ಊತ ಮಾತ್ರ ಕೈಗೆ ಸಿಗ್ತಿದ್ರೆ, ಆ "ಏನೂ ಇಲ್ಲ" ಅನ್ನೋದೇ ನೇಸೋಲೇಬಿಯಲ್ ಸಿಸ್ಟ್ ಕಡೆ ಒಂದು ಸುಳಿವು.

ಹಾಗಾದ್ರೆ ಯಾವ ಸ್ಕ್ಯಾನ್ ಮಾಡಿಸ್ಬೇಕು? ಎಮ್ಆರ್‌ಐ ಬೇಕೇಬೇಕಾ?

ಎಲ್ಲರಿಗೂ ಬೇಡ. ಮೊದಲು ಅಲ್ಟ್ರಾಸೌಂಡ್ ಮಾಡಿಸಬಹುದು, ರೇಡಿಯೇಷನ್ ಇಲ್ಲ, ಗರ್ಭಿಣಿಯರಿಗೂ ಮಾಡಬಹುದು, ಒಳಗೆ ನೀರಿದೆಯಾ ಗಟ್ಟಿ ಮಾಂಸ ಇದೆಯಾ ಅಂತ ಅದರಲ್ಲೇ ತಿಳಿಯತ್ತೆ. ಆಪರೇಷನ್ ಅಂತ ತೀರ್ಮಾನ ಆದ್ರೆ ಸಾಮಾನ್ಯವಾಗಿ ಸಿಟಿ ಸ್ಕ್ಯಾನ್ ಮಾಡಿಸ್ತಾರೆ. ಅದರಲ್ಲಿ ಮೂಗಿನ ತೂತಿನ ಮೂಳೆಯ ಅಂಚಿಗೆ ಒರಗಿಕೊಂಡು, ನುಣ್ಣಗೆ ಅಂಚಿರೋ ಗುಂಡಗಿನ ಚೀಲ ಕಾಣತ್ತೆ, ಕಾಂಟ್ರಾಸ್ಟ್ ಔಷಧಿ ಕೊಟ್ರೂ ಒಳಭಾಗ ಹೊಳೆಯಲ್ಲ. ವರ್ಷಗಟ್ಟಲೆ ಇದ್ದಿದ್ರೆ ಚೀಲದ ಒತ್ತಡಕ್ಕೆ ಹಿಂದಿನ ಮೂಳೆ ಬಟ್ಟಲಿನ ಥರ ತಗ್ಗಾಗಿರತ್ತೆ. ರಿಪೋರ್ಟಲ್ಲಿ "ಸ್ಕ್ಯಾಲಪಿಂಗ್" ಅಂತ ಇದ್ರೆ ಇದೇ. ಮೂಳೆ ತಿಂದುಹೋಗಿದೆ ಅಂತ ಓದ್ಕೊಂಡು ರಾತ್ರಿಯೆಲ್ಲಾ ನಿದ್ದೆ ಬಿಟ್ಟವರನ್ನ ನೋಡಿದೀನಿ. ಒತ್ತಿ ತಗ್ಗಾಗೋದು ಬೇರೆ, ಮುರಿದು ತಿನ್ನೋದು ಬೇರೆ.

ಹಲ್ಲಿನ ಸೆಂಟರ್‌ಗಳಲ್ಲಿ ಮಾಡೋ ಸಿಬಿಸಿಟಿ (ಹಲ್ಲು–ದವಡೆಯ 3ಡಿ ಸ್ಕ್ಯಾನ್) ಮೂಳೆಗೆ, ಬೇರಿಗೆ ಚೆನ್ನಾಗಿದೆ, ಆದ್ರೆ ಮೆತ್ತನೆ ಮಾಂಸದೊಳಗಿನದ್ದು ಅದರಲ್ಲಿ ಸರಿಯಾಗಿ ಬೇರೆ ಬೇರೆಯಾಗಿ ಕಾಣಲ್ಲ, ಹಾಗಾಗಿ ಸಿಬಿಸಿಟಿ ನಾರ್ಮಲ್ ಅಂತ ಬಂದ್ರೂ ಹುಡುಕೋದು ನಿಲ್ಲಿಸ್ಬೇಡಿ. ಎಮ್ಆರ್‌ಐ ಬೇಕಾಗೋದು ಗಟ್ಟಿ ಗಡ್ಡೆಯ ಸಂಶಯ ಇದ್ದಾಗ, ಮಕ್ಕಳಲ್ಲಿ ಮೂಗಿನ ಮಧ್ಯದ ಊತ ಇದ್ದಾಗ.

ಸೂಜಿ ಹಾಕಿ ನೀರು ತೆಗೆದುಬಿಟ್ರೆ ಮುಗೀತಲ್ವಾ?

ಮುಗಿಯಲ್ಲ. ಚೀಲದ ಗೋಡೆ ಅಲ್ಲೇ ಇರತ್ತಲ್ಲ, ಅದು ಮತ್ತೆ ನೀರು ಬಿಡತ್ತೆ, ಮತ್ತೆ ತುಂಬತ್ತೆ. ಸೂಜಿಯಲ್ಲಿ ಬಂದ ನೀರು ತಿಳಿ ಹಳದಿಯಾಗೋ ಲೋಳೆಲೋಳೆಯಾಗೋ ಇದ್ರೆ ಸಿಸ್ಟ್ ಅನ್ನೋದಕ್ಕೆ ಬಲ ಬರತ್ತೆ, ಕೀವು ಬಂದ್ರೆ ಸೋಂಕು ತಗುಲಿದೆ ಅಂತ ಗೊತ್ತಾಗತ್ತೆ, ಅಷ್ಟು ಉಪಯೋಗ ಇದೆ. ಆದ್ರೆ ಅದನ್ನೇ ಚಿಕಿತ್ಸೆ ಅಂದ್ಕೊಂಡು ಮೂರು ತಿಂಗಳಿಗೊಂದ್ಸಲ ಸೂಜಿ ಹಾಕಿಸ್ಕೊಂಡ್ರೆ ಸೋಂಕು ಹೊಕ್ಕೋ ದಾರಿ ನಾವೇ ಮಾಡಿಕೊಟ್ಟಂಗೆ.

ಮನೇಲೇ ಒತ್ತಿ ತೆಗೀಬಹುದಾ? ಸುಣ್ಣ ಬೆಲ್ಲ ಹಚ್ಚಿದ್ರೆ?

ದಯವಿಟ್ಟು ಬೇಡ. ಎರಡು ಕಣ್ಣುಗಳ ನಡುವೆ ಇರೋ ಮೂಗಿನ ಬುಡದಿಂದ ಬಾಯಿಯ ಎರಡು ಮೂಲೆಗಳವರೆಗೆ ಒಂದು ತ್ರಿಕೋನ ಎಳ್ಕೊಳ್ಳಿ, ಆ ಜಾಗದ ರಕ್ತನಾಳಗಳು ಕಣ್ಣಿನ ಒಳಮೂಲೆ ಮೂಲಕ ಮೆದುಳಿನ ಬುಡದಲ್ಲಿರೋ ದೊಡ್ಡ ರಕ್ತನಾಳ, ಅಂದ್ರೆ ಕೆವರ್ನಸ್ ಸೈನಸ್‌ಗೆ ಸೇರ್ತವೆ. ಅಲ್ಲಿಯ ಕೀವನ್ನ ಹಿಂಡಿದ್ರೆ ಸೋಂಕು ಹೊರಗೆ ಬರೋ ಬದಲು ಒಳಗೆ ಹೋಗಬಹುದು. ಅಪರೂಪ ನಿಜ, ಆದ್ರೆ ಹಾಗೇನಾದ್ರೂ ಆಗಿಬಿಟ್ರೆ ಜೀವಕ್ಕೇ ಅಪಾಯ. ಸುಣ್ಣ ಬೆಲ್ಲ ಚರ್ಮ ಸುಟ್ಟು ಗಾಯ ಮಾಡತ್ತೆ, ಆಳದಲ್ಲಿರೋ ಚೀಲಕ್ಕೆ ಅದು ಮುಟ್ಟೋದೂ ಇಲ್ಲ. ಅಜ್ಜಿಯರ ಮೇಲೆ ನನಗೆ ಗೌರವ ಇದೆ, ಕೈಕಾಲಿನ ಕುರುವಿಗೆ ಅವರು ಏನು ಮಾಡ್ತಿದ್ರೋ ಗೊತ್ತು, ಮುಖದ ಈ ಜಾಗಕ್ಕೆ ಮಾತ್ರ ಅದು ಬೇಡ.

ತಕ್ಷಣ ಆಸ್ಪತ್ರೆಗೆ ಓಡ್ಬೇಕಾದ್ದು ಯಾವಾಗ?

ಊತ ಗಂಟೆಗಟ್ಟಲೆಯಲ್ಲೇ ಹೆಚ್ಚಾಗಿ ಕಣ್ಣು ಮುಚ್ಚೋ ಹಾಗಾದ್ರೆ, ಚಳಿಜ್ವರ, ತೀರಾ ತಲೆನೋವು, ಎರಡೆರಡು ಕಾಣೋದು, ಕಣ್ಣುಗುಡ್ಡೆ ಹೊರಗೆ ಬಂದಂಗಾಗೋದು, ಇವಿದ್ರೆ ರಾತ್ರಿಯಾದ್ರೂ ಎಮರ್ಜೆನ್ಸಿಗೆ ಹೋಗಿ. ಶುಗರ್ ಇರೋರಿಗೆ ಇನ್ನೊಂದು ಮಾತು: ಕೆನ್ನೆ ಮರಗಟ್ಟೋದು, ಮೂಗಿಂದ ಕಪ್ಪು ಚಕ್ಕೆ ಬರೋದು, ಬಾಯಿಯ ಅಂಗಳ ಕಪ್ಪಾಗೋದು ಕಂಡ್ರೆ ಒಂದು ದಿನಾನೂ ಕಾಯ್ಬೇಡಿ, 2021ರಲ್ಲಿ ಕೋವಿಡ್ ಆದ್ಮೇಲೆ ಬಂದ ಬ್ಲ್ಯಾಕ್ ಫಂಗಸ್ ನಮ್ಮ ರಾಜ್ಯದಲ್ಲೂ ಎಷ್ಟು ಮನೆ ಅಲ್ಲಾಡಿಸ್ತು ಅಂತ ನೋಡಿದೀವಿ.

ಮಗುವಿಗೆ ಮೂಗಿನ ಮೇಲೆ ಇಂಥ ಗಂಟಿದೆ. ಇದೂ ಅದೇನಾ?

ಮಕ್ಕಳ ಲೆಕ್ಕವೇ ಬೇರೆ. ಮೂಗಿನ ನಡುಗೆರೆಯಲ್ಲಿ ಗಂಟು, ಅದರ ಮೇಲೆ ಸಣ್ಣ ಗುಳಿ, ಗುಳಿಯಿಂದ ಒಂದೆರಡು ಕೂದಲು ಬಂದಿದ್ರೆ ಡರ್ಮಾಯ್ಡ್ ಸಿಸ್ಟ್ ಇರಬಹುದು, ಅದರ ಬೇರು ಒಳಗೆ ಮೆದುಳಿನ ಪೊರೆಯವರೆಗೂ ಹೋಗಿರೋ ಸಾಧ್ಯತೆ ಇದೆ. ಮಗು ಅಳೋವಾಗ ಊತ ದೊಡ್ಡದಾದ್ರೆ ಮೆದುಳಿನ ಭಾಗವೇ ಮೂಳೆಯ ಸಂದಿಂದ ಹೊರಗೆ ಇಣುಕಿರಬಹುದು. ಅದಕ್ಕೇ ಸ್ಕ್ಯಾನ್ ಆಗೋವರೆಗೆ ಯಾರಿಗೂ ಸೂಜಿ ಹಾಕೋಕೆ, ಕೊಯ್ಯೋಕೆ ಬಿಡಬೇಡಿ. ಆಗತಾನೇ ಹುಟ್ಟಿದ ಕೂಸಿನ ಕಣ್ಣಿನ ಒಳಮೂಲೆ ಕೆಳಗೆ ನೀಲಿ ಛಾಯೆಯ ಉಬ್ಬು ಇದ್ರೆ ಕಣ್ಣೀರಿನ ಚೀಲದ್ದು, ಮಕ್ಕಳ ಡಾಕ್ಟರ್‌ಗೆ ಅವತ್ತೇ ತೋರಿಸಿ.

ಕ್ಯಾನ್ಸರ್ ಇರಬಹುದಾ?

ನೇಸೋಲೇಬಿಯಲ್ ಸಿಸ್ಟ್ ಕ್ಯಾನ್ಸರ್ ಅಲ್ಲ, ಅದು ಕ್ಯಾನ್ಸರ್ ಆಗಿ ತಿರುಗೋದು ಅತಿ ಅತಿ ಅಪರೂಪ. ಆದ್ರೂ ತೆಗೆದ ಚೀಲವನ್ನ ಬಯಾಪ್ಸಿಗೆ ಕಳಿಸಲೇಬೇಕು, ಕಸದ ಬುಟ್ಟಿಗೆ ಹಾಕಬಾರದು. ರಿಪೋರ್ಟಲ್ಲಿ ಉಸಿರಾಟದ ದಾರಿಯ ಒಳಪದರದಂಥ ಜೀವಕೋಶ, ಲೋಳೆ ಬಿಡೋ ಗಾಬ್ಲೆಟ್ ಕೋಶ ಅಂತ ಇದ್ರೆ ಅದು ಈ ಸಿಸ್ಟಿನ ಗುರುತು. ಗಟ್ಟಿಯಾಗಿದ್ದು ಬೇಗ ಬೆಳೆಯೋದು, ಮೇಲೆ ವಾಸಿಯಾಗದ ಹುಣ್ಣು, ಆಗಾಗ ರಕ್ತ, ತುಟಿ ಅಥವಾ ಕೆನ್ನೆ ಜೋಮು, ಕಾರಣ ಇಲ್ಲದೆ ಹಲ್ಲು ಅಲ್ಲಾಡೋದು, ಇವುಗಳಲ್ಲಿ ಯಾವುದು ಇದ್ರೂ ಸಿಸ್ಟ್ ಅಂತ ಸಮಾಧಾನ ಮಾಡ್ಕೋಬೇಡಿ.

ಯಾರ ಹತ್ರ ಹೋಗ್ಬೇಕು, ಹಲ್ಲಿನ ಡಾಕ್ಟರ್ರಾ, ಇ.ಎನ್.ಟಿ.ನಾ?

ಯಾರಿಂದ ಶುರು ಮಾಡಿದ್ರೂ ಸರಿ, ಇಬ್ಬರೂ ನೋಡಿದ್ರೆ ಒಳ್ಳೇದು. ದಂತ ಕಾಲೇಜಿಗೆ ಹೋದ್ರೆ ಓರಲ್ ಮೆಡಿಸಿನ್ ವಿಭಾಗದಲ್ಲಿ ಚೀಟಿ ಮಾಡಿಸಿ, ಅಲ್ಲಿ ಹಲ್ಲಿನ ಟೆಸ್ಟ್, ಎಕ್ಸ್‌ರೇ ಎಲ್ಲಾ ಒಂದೇ ಕಡೆ ಆಗತ್ತೆ, ಸರ್ಜರಿ ವಿಭಾಗವೂ ಅಲ್ಲೇ ಇರತ್ತೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಇದೆ, ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಮಂಗಳೂರು, ಮಣಿಪಾಲಗಳಲ್ಲೂ ದಂತ ಕಾಲೇಜುಗಳಿವೆ. ಆಯುಷ್ಮಾನ್ ಕಾರ್ಡ್ ಇದ್ದೋರು ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸಿ, ರೆಫರಲ್ ವಿಷಯ ಅಲ್ಲೇ ಕೇಳ್ಕೊಂಡುಬಿಡಿ, ಆಪರೇಷನ್ ಆದ್ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ. ಹೋಗೋವಾಗ ಹಳೇ ಎಕ್ಸ್‌ರೇ, ತಗೊಂಡ ಮಾತ್ರೆಗಳ ಚೀಟಿ, ಊತ ಹೆಚ್ಚು ಇದ್ದ ದಿನದ ಫೋಟೋ ತಗೊಂಡ್ಹೋಗಿ. ರಕ್ತ ತೆಳುಮಾಡೋ ಮಾತ್ರೆ ತಗೋತಿದ್ರೆ ಹೇಳಿ, ನೀವಾಗೇ ನಿಲ್ಲಿಸ್ಬೇಡಿ.

ಆಪರೇಷನ್ ಅಂದ್ರೆ ಮುಖದ ಮೇಲೆ ಕಲೆ ಉಳಿಯತ್ತಾ?

ಉಳಿಯಲ್ಲ, ಮುಖದ ಚರ್ಮ ಕೊಯ್ಯೋದೇ ಇಲ್ಲ. ಎರಡು ದಾರಿ ಇದೆ. ಒಂದು, ಮೇಲ್ತುಟಿ ಎತ್ತಿ ಒಸಡಿನ ಮೇಲಿನ ಸಂದಿನಲ್ಲಿ ಕೊಯ್ದು ಇಡೀ ಚೀಲ ಬಿಡಿಸಿ ತೆಗೆಯೋದು. ಚೀಲ ಮೂಗಿನ ತಳದ ಪೊರೆಗೆ ಅಂಟ್ಕೊಂಡಿರೋದ್ರಿಂದ ಬಿಡಿಸೋವಾಗ ಅಲ್ಲಿ ಸಣ್ಣ ತೂತಾಗಬಹುದು, ಆದ್ರೆ ಅಲ್ಲೇ ಹೊಲಿಗೆ ಹಾಕ್ತಾರೆ. ಇನ್ನೊಂದು, ಮೂಗೊಳಗಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರೋ ತೆಳ್ಳನೆ ಕೊಳವೆ) ಹಾಕಿ ಚೀಲದ ಮೇಲ್ಛಾವಣಿ ಕತ್ತರಿಸಿ ಅದು ಮೂಗಿನ ಒಳಕ್ಕೇ ತೆರೆದುಕೊಳ್ಳೋ ಹಾಗೆ ಮಾಡೋದು, ನೀರು ನಿಲ್ಲೋಕೆ ಜಾಗವೇ ಇರಲ್ಲ. ಎರಡರಲ್ಲೂ ಮತ್ತೆ ಬರೋದು ಅಪರೂಪ. ಮೊದಲನೇ ವಿಧಾನದಲ್ಲಿ ತುಟಿ, ಮುಂದಿನ ಹಲ್ಲು, ಒಸಡು ಕೆಲವು ವಾರ ಜೋಮು ಹಿಡಿದಂಗಿರಬಹುದು, ಹೆಚ್ಚಿನವರಿಗೆ ತಾನಾಗೇ ಹೋಗತ್ತೆ.

ಆಪರೇಷನ್ ಆದ್ಮೇಲೆ ಮೂಗುಬೊಟ್ಟು ಯಾವಾಗ ಹಾಕ್ಕೋಬಹುದು?

ಆಪರೇಷನ್ ಮಾಡಿದವರನ್ನೇ ಕೇಳಿ, ಮೂಗೊಳಗೆ ಹೊಲಿಗೆ ಇದ್ಯಾ ಇಲ್ವಾ ಅನ್ನೋದರ ಮೇಲೆ ಹೋಗತ್ತೆ. ಊತ ಪೂರ್ತಿ ಇಳಿಯೋವರೆಗೆ ತಿರುಪು ಬಿಗಿ ಮಾಡ್ಬೇಡಿ, ಜೋರಾಗಿ ಮೂಗು ಸೀಟ್ಬೇಡಿ. ತೂತು ಮುಚ್ಚಿಹೋಗತ್ತೆ ಅನ್ನೋ ಭಯ ಇದ್ರೆ ಆಪರೇಷನ್‌ಗೆ ಮುಂಚೇನೇ ಹೇಳಿ. ಚಿಕ್ಕಮ್ಮ ಒಂದು ತಿಂಗಳು ಬರೀ ಮೂಗಲ್ಲಿದ್ರು, ಆಮೇಲೆ ಒಂದು ಬೆಳಿಗ್ಗೆ ಫೋಟೋ ಕಳಿಸಿದ್ರು, ಬೊಟ್ಟು ನೆಟ್ಟಗೆ ಕೂತಿತ್ತು.